ಹಸುಗೂಸಿನ ಸಾವು: ಒಂದು ಕಥೆ, ಹಲವು ‘ಏಕೆ’ಗಳು

ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳ. ಮಳೆ ಬಂದಿತು, ಕಾಗಕ್ಕನ ಮನೆ ಕೊಚ್ಚಿಹೋಯಿತು, ಗುಬ್ಬಕ್ಕನ ಮನೆ ಉಳಿಯಿತು ಎಂದು ಅಜ್ಜಿ ಹೇಳುತ್ತಿದ್ದಂತೆಯೇ ತೊಡೆಯ ಮೇಲಿನ ಮಗು “ಯಾಕೆ?” ಎನ್ನುತ್ತದೆ. ಸಗಣಿಯಿಂದ ಕಟ್ಟಿದ ಮನೆಯಂತೆ ಅದು. ಸಗಣಿಯಿಂದ ಯಾಕೆ ಕಟ್ಟಿದಳು? ಬೇರೇನೂ ಸಿಗಲಿಲ್ಲವಂತೆ. ಯಾಕೆ ಸಿಗಲಿಲ್ಲ? ಇಷ್ಟು ಹೊತ್ತಿಗೆ ಅಜ್ಜಿಗೆ ಸಾಕಾಗಿ, ಮಲಗು ಎನ್ನುತ್ತಾಳೆ. ದೊಡ್ಡವರಾದ ಮೇಲೆ ಕಥೆ ಕೇಳುವ ಅಭ್ಯಾಸವೂ ಏಕೆಂದು ಕೇಳುವ ಅಭ್ಯಾಸವೂ ಬಹುಮಟ್ಟಿಗೆ ಒಟ್ಟಿಗೇ ಬಿಟ್ಟುಹೋಗುತ್ತವೆ.

ಜಾರ್ಖಂಡ ಮತ್ತು ಒಡಿಶಾ ರಾಜ್ಯಗಳ ಆದಿವಾಸಿ ಹಳ್ಳಿಗಳಲ್ಲಿ 2005ರಿಂದ 2008ರವರೆಗೆ ಸಾವಿರಾರು ಮಂದಿ ಹೆಂಗಸರು ಈ ಎರಡು ಅಭ್ಯಾಸಗಳನ್ನೂ ಮತ್ತೆ ಕೈಗೆತ್ತಿಕೊಂಡರು. ತಿಂಗಳಿಗೊಮ್ಮೆ ಒಂದೆಡೆ ಕುಳಿತು ಕಥೆ ಕೇಳಿದರು. ಕಥೆ ಮುಗಿದ ಮೇಲೆ ಏಕೆ, ಏಕೆ ಎಂದು ಪ್ರಶ್ನಿಸಿದರು. ಆಮೇಲೆ ತಮ್ಮಿಂದಾದ ವ್ಯವಸ್ಥೆಯನ್ನು ಮಾಡಿಕೊಂಡರು. ಆ ಹಳ್ಳಿಗಳಲ್ಲಿ ಹುಟ್ಟಿದ ತಿಂಗಳೊಳಗೆ ಸಾಯುತ್ತಿದ್ದ ಕೂಸುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಹೊಸ ಔಷಧವೊಂದನ್ನೂ ಹಂಚದೆ ಇದು ಹೇಗೆ ಸಾಧ್ಯವಾಯಿತೆಂಬುದು ವೈದ್ಯರಿಗೂ ಅಚ್ಚರಿಯ ವಿಷಯವಾಯಿತು. ಅದಕ್ಕಿಂತ ಹೆಚ್ಚಿನ ವಿಷಯವೆಂದರೆ, ಈ ಇಳಿಕೆಯ ಅತಿ ದೊಡ್ಡ ಪಾಲು ಹಳ್ಳಿಯ ಕಡುಬಡವರ ಗುಡಿಸಿಲಿಗೆ ಸೇರಿತು. ಸಾಮಾನ್ಯವಾಗಿ ಹಾಗಾಗುವುದಿಲ್ಲ.

ಹುಟ್ಟಿದ ಮೊದಲ 28 ದಿನಗಳಲ್ಲಿ ಸಂಭವಿಸುವ ಸಾವನ್ನು ವೈದ್ಯಶಾಸ್ತ್ರವು ನವಜಾತ ಶಿಶುಮರಣವೆಂದು ಕರೆಯುತ್ತದೆ. ಒಂದು ವರ್ಷದೊಳಗೆ ಸಾಯುವ ಶಿಶುಗಳ ಪೈಕಿ ಹೆಚ್ಚಿನವು ಸಾಯುವುದು ಈ ಅವಧಿಯಲ್ಲಿಯೇ. ದಿನ ತುಂಬದೆ ಅಥವಾ ಸಾಕಷ್ಟು ತೂಕವಿಲ್ಲದೆ ಹುಟ್ಟುವುದು, ಹುಟ್ಟುವಾಗಲೇ ಉಸಿರು ಕಟ್ಟುವುದು, ನಂಜು ತಗಲುವುದು - ಮುಖ್ಯ ಕಾರಣಗಳು ಈ ಮೂರು. ಭಾರತದಲ್ಲಿ ಸಾವಿರ ಜನನಗಳಿಗೆ ನವಜಾತ ಶಿಶುಮರಣವು 2020ರಲ್ಲಿ 20 ಇದ್ದಿತು. ಆದರೆ ಇಡೀ ದೇಶದ ಸರಾಸರಿಯು ಬಹಳ ಸಂಗತಿಗಳನ್ನು ಮರೆಮಾಚುತ್ತದೆ. ಅದೇ ವರ್ಷ ಒಂದು ವರ್ಷದೊಳಗಿನ ಶಿಶುಗಳ ಮರಣಪ್ರಮಾಣವು ಕೇರಳದಲ್ಲಿ ಸಾವಿರಕ್ಕೆ 6, ಮಧ್ಯಪ್ರದೇಶದಲ್ಲಿ 43. ಒಂದೇ ದೇಶದ ಎರಡು ಕೂಸುಗಳ ನಡುವಿನ ಈ ಅಂತರವನ್ನು ವಿಧಿಯ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ನಿವಾರಿಸಬಹುದಾದ, ಆದುದರಿಂದಲೇ ಅನ್ಯಾಯವೆನಿಸುವ ಇಂತಹ ಅಂತರವನ್ನು ಅಳಿಸುವುದಕ್ಕೆ ಆರೋಗ್ಯದ ಸಮಾನತೆ ಎಂದು ಹೆಸರು.

ಬೊಲಿವಿಯದಿಂದ ಚಕ್ರಧರಪುರಕ್ಕೆ

ಈ ಪದ್ಧತಿಯ ಬೇರು ದಕ್ಷಿಣ ಅಮೆರಿಕದಲ್ಲಿದೆ. ಬ್ರೆಜಿಲ್ ದೇಶದ ಶಿಕ್ಷಣತಜ್ಞ ಪಾವ್ಲೊ ಫ್ರೇರೆ ಅಕ್ಷರ ಕಲಿಸಲು ಹೋದಲ್ಲಿ ಒಂದು ಸತ್ಯವನ್ನು ಕಂಡುಕೊಂಡಿದ್ದರು. ಬಡವರ ತಲೆ ಬರಿದಾದ ಕೊಡವಲ್ಲ. ಬಲ್ಲವರು ಅದರೊಳಕ್ಕೆ ಜ್ಞಾನವನ್ನು ಸುರಿಯುವ ಅವಶ್ಯಕತೆಯಿಲ್ಲ. ತಮ್ಮ ಸ್ಥಿತಿಗೆ ಕಾರಣವೇನೆಂದು ತಾವೇ ಒಟ್ಟಾಗಿ ಚಿಂತಿಸಿದಾಗ ಅವರು ಬೇಗ ಕಲಿಯುತ್ತಾರೆ, ಕಲಿತುದನ್ನು ನಡೆಸುತ್ತಾರೆ ಎಂಬುದು ಅವರ ಅಭಿಪ್ರಾಯ. ಈ ವಿಚಾರವು ಬೊಲಿವಿಯ ದೇಶದ ಇಂಕಿಸಿವಿ ಎಂಬ ಗುಡ್ಡಗಾಡು ಪ್ರಾಂತದಲ್ಲಿ 1990ರ ಸುಮಾರಿಗೆ ಆರೋಗ್ಯದ ಕಾರ್ಯವಾಗಿ ರೂಪುಗೊಂಡಿತು. ಆ ಯೋಜನೆಯ ಹೆಸರು ‘ವಾರ್ಮಿ’. ಅಲ್ಲಿಯ ನುಡಿಯಲ್ಲಿ ಹೆಣ್ಣು ಎಂದರ್ಥ. ಹೆಂಗಸರ ಕೂಟಗಳು ತಮ್ಮ ರೋಗವನ್ನು ತಾವೇ ನಿದಾನಿಸಿಕೊಂಡವು, ಪರಿಹಾರವನ್ನೂ ತಾವೇ ಹುಡುಕಿದವು. ಹೆರಿಗೆಯ ಆಸುಪಾಸಿನ ಶಿಶುಮರಣವು ಸಾವಿರಕ್ಕೆ 117ರಿಂದ 44ರಷ್ಟಕ್ಕೆ ಇಳಿಯಿತು. ಹೋಲಿಸಿ ನೋಡಲು ಬೇರೆ ಹಳ್ಳಿಗಳಿಲ್ಲದಿದ್ದುದರಿಂದ, ಇದು ಕೂಟಗಳ ಫಲವೋ ಕಾಲದ ಫಲವೋ ಎಂದು ಸಂಶಯಪಡುವವರಿಗೆ ಅವಕಾಶವಿದ್ದಿತು.

ಆ ಸಂಶಯವನ್ನು ಮೊದಲು ಪರಿಹರಿಸಿದ್ದು ನೇಪಾಳದ ಮಕವಾನಪುರ ಜಿಲ್ಲೆ. 2001ರಿಂದ 2003ರವರೆಗೆ ಅಲ್ಲಿ ಕೂಟವಿದ್ದ ಪ್ರದೇಶಗಳನ್ನೂ ಇಲ್ಲದ ಪ್ರದೇಶಗಳನ್ನೂ ಹೋಲಿಸಿದಾಗ, ಕೂಟವಿದ್ದಲ್ಲಿ ನವಜಾತ ಶಿಶುಮರಣವು ನೂರಕ್ಕೆ 30ರಷ್ಟು ಕಡಿಮೆಯೆಂದು ತಿಳಿದುಬಂದಿತು. ಇದರಿಂದ ಉತ್ಸಾಹಗೊಂಡವರಲ್ಲಿ ಡಾ. ಪ್ರಶಾಂತ ತ್ರಿಪಾಠಿ ಮತ್ತು ಡಾ. ನಿರ್ಮಲಾ ನಾಯರ್ ಇದ್ದರು. ಜಾರ್ಖಂಡದ ಚಕ್ರಧರಪುರದಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ಹೆಸರು ‘ಏಕಜುಟ್’. ಒಗ್ಗೂಡುವುದೆಂದು ಅದರ ಅರ್ಥ. ಲಂಡನ್ ವಿಶ್ವವಿದ್ಯಾಲಯದ ತಜ್ಞರ ಸಹಕಾರದಿಂದ ಈ ಸಂಸ್ಥೆಯು ಪಶ್ಚಿಮ ಸಿಂಗಭೂಮ, ಸರಾಯಿಕೇಲಾ-ಖರಸಾವಾ ಮತ್ತು ಒಡಿಶಾದ ಕೇಂದುಝರ್ ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಹೋ, ಸಂತಾಲ, ಮುಂಡಾ, ಓರಾಂವ್ ಮೊದಲಾದ ಆದಿವಾಸಿಗಳು ಬಹುಸಂಖ್ಯೆಯಲ್ಲಿರುವ ಸೀಮೆ ಅದು. ಭೂಮಿಯ ಒಡಲಲ್ಲಿ ಕಬ್ಬಿಣದ ಅದಿರು ತುಂಬಿದೆ. ಭೂಮಿಯ ಮೇಲಿರುವವರ ಒಡಲು ಮಾತ್ರ ತುಂಬಿರಲಿಲ್ಲ.

ಒಟ್ಟು 36 ಗ್ರಾಮಸಮೂಹಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಯಾರ ಇಚ್ಛೆಗೂ ಒಳಪಡದ ರೀತಿಯಲ್ಲಿ ಎರಡು ಭಾಗ ಮಾಡಲಾಯಿತು. 18ರಲ್ಲಿ ಹೆಂಗಸರ ಕೂಟಗಳು ನಡೆಯತಕ್ಕದ್ದು, ಉಳಿದ 18ರಲ್ಲಿ ಇಲ್ಲ. ಎರಡೂ ಕಡೆ ಆರೋಗ್ಯ ಸಮಿತಿಗಳಿದ್ದವು. ಎರಡೂ ಕಡೆ ಸೇರಿ ಜನಸಂಖ್ಯೆ 2,28,186. ಮೂರು ವರ್ಷಗಳಲ್ಲಿ ಅಲ್ಲಿ ನಡೆದ 19,030 ಜನನಗಳ ವೃತ್ತಾಂತವನ್ನು ಸಂಗ್ರಹಿಸಲಾಯಿತು. ವೃತ್ತಾಂತವೆಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ. ಹುಟ್ಟು-ಸಾವುಗಳ ಸುದ್ದಿಯನ್ನು ಊರಿನವರೇ, ಎಷ್ಟೋ ವೇಳೆ ಸೂಲಗಿತ್ತಿಯರೇ ತಿಳಿಸುತ್ತಿದ್ದರು. ಹೆರಿಗೆಯಾಗಿ ಸುಮಾರು ಆರು ವಾರಗಳಾದ ಬಳಿಕ ತಾಯಿಯ ಬಳಿ ಕುಳಿತು ನಡೆದುದನ್ನೆಲ್ಲ ಕೇಳಿ ಬರೆದುಕೊಳ್ಳಲಾಗುತ್ತಿತ್ತು. ಕೂಸು ತೀರಿಕೊಂಡಿದ್ದರೆ ಆಕೆ ಹೇಳಿದ ಮಾತಿನಿಂದಲೇ ಸಾವಿನ ಕಾರಣವನ್ನು ಊಹಿಸಬೇಕು. ಆಸ್ಪತ್ರೆಯ ದಾಖಲೆಯಿಲ್ಲದ ಊರಿನಲ್ಲಿ ತಾಯಿಯ ನೆನಪೇ ದಾಖಲೆ.

ಕೂಟ ನಡೆಯುತ್ತಿದ್ದ ಬಗೆ

ಒಟ್ಟು 244 ಕೂಟಗಳಿದ್ದವು. ಅವುಗಳಲ್ಲಿ 172 ಮೊದಲೇ ಇದ್ದಂಥವು. ತಿಂಗಳಿಗಿಷ್ಟೆಂದು ಹಣ ಕೂಡಿಡುವ ಉಳಿತಾಯ ಸಂಘಗಳು. ಉಳಿದ 72 ಹೊಸವು. ಕೂಟ ನಡೆಸುವಾಕೆ ದಾದಿಯಲ್ಲ, ವೈದ್ಯೆಯಲ್ಲ. ಅದೇ ಸೀಮೆಯ, ಅದೇ ಭಾಷೆಯನ್ನಾಡುವ ಹೆಂಗಸು. ಒಬ್ಬೊಬ್ಬಾಕೆ ತಿಂಗಳಿಗೆ ಸುಮಾರು ಹದಿಮೂರು ಕೂಟಗಳಿಗೆ ಹೋಗಬೇಕಾಗಿತ್ತು. ಆಕೆಗೆ ವೈದ್ಯಕೀಯ ಜ್ಞಾನಕ್ಕಿಂತ ಕಥೆ ಹೇಳುವ, ಅದಕ್ಕಿಂತಲೂ ಹೆಚ್ಚಾಗಿ ಸುಮ್ಮನಿದ್ದು ಕೇಳುವ ಕಲೆ ತಿಳಿದಿರಬೇಕಾಗಿತ್ತು. ಇಪ್ಪತ್ತು ಸಭೆಗಳದು ಒಂದು ಆವರ್ತ. ಮೊದಲು ಬಸಿರು-ಬಾಣಂತನಗಳ ತೊಂದರೆಗಳನ್ನು ಗುರುತಿಸುವುದು. ಅವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ಚಿತ್ರದ ಚೀಟಿಗಳ ಮೇಲೆ ಹರಳುಗಳನ್ನಿಟ್ಟು ನಿರ್ಧರಿಸುವುದು. ಬಳಿಕ ಉಪಾಯಗಳನ್ನು ಯೋಚಿಸಿ ಜಾರಿಗೆ ತರುವುದು. ಕಡೆಗೆ ಆದದ್ದೆಷ್ಟು, ಆಗದ್ದೆಷ್ಟು ಎಂದು ಲೆಕ್ಕ ನೋಡುವುದು. ಓದುಬರಹ ಬಾರದವರಿಗೂ ಹರಳು ಇಡಲು ಬರುತ್ತದೆ.

ಕಥೆಗಳು ಆ ಊರುಗಳಲ್ಲಿ ನಡೆಯುವಂತಹವೇ. ಅವುಗಳ ಮಾದರಿ ತಿಳಿಯಲೆಂದು ಒಂದನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಬಡ ಹೆಂಗಸು. ನಾಲ್ಕನೆಯ ಬಸಿರು. ನಾಟಿಯ ಕಾಲ, ದಿನ ತುಂಬಿದ್ದರೂ ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಂತಿದ್ದಳು. ಗಂಡ ದೂರದ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗಿದ್ದ. ರಾತ್ರಿ ನೋವು ಕಾಣಿಸಿಕೊಂಡಿತು. ನೆರೆಮನೆಯ ಮುದುಕಿ ಬಂದಳು. ಬೆಳಗಿನ ಜಾವಕ್ಕೆ ಮಣ್ಣಿನ ನೆಲದ ಮೇಲೆ ಹೆರಿಗೆಯಾಯಿತು. ಮನೆಯಲ್ಲಿದ್ದ ಹಳೆಯ ಬ್ಲೇಡಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದರು. ಮೈಲಿಗೆಯೆಂದು ಕೂಸಿಗೆ ಆಗಲೇ ತಣ್ಣೀರಿನ ಸ್ನಾನ ಮಾಡಿಸಿದರು. ಮೂರನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಮೈ ತಣ್ಣಗಾಯಿತು. ಮಂತ್ರವಾದಿಯನ್ನು ಕರೆಸಿದರು. ಆಸ್ಪತ್ರೆಗೆ ಹೋಗೋಣವೆಂದರೆ ಹೊಳೆ ತುಂಬಿತ್ತು, ಕೈಯಲ್ಲಿ ಕಾಸಿರಲಿಲ್ಲ. ಐದನೆಯ ದಿನ ಕೂಸು ತೀರಿಕೊಂಡಿತು.

ಕಥೆ ಮುಗಿದೊಡನೆ ಕೂಟದಲ್ಲಿ ಆಟವೊಂದು ಮೊದಲಾಗುತ್ತದೆ. ಅದರ ಹೆಸರೇ “ಆದರೆ ಏಕೆ?”. ಡೇವಿಡ್ ವರ್ನರ್ ಎಂಬವರು 1982ರಲ್ಲಿ ಪ್ರಕಟಿಸಿದ ಆರೋಗ್ಯ ಕಾರ್ಯಕರ್ತರ ಕೈಪಿಡಿಯಿಂದ ಈ ಆಟವು ಹಲವು ದೇಶಗಳಿಗೆ ಹಬ್ಬಿತು. ಕೂಸು ಏಕೆ ಸತ್ತಿತು? ನಂಜಾಯಿತು. ಆದರೆ ಏಕೆ? ಬ್ಲೇಡು ಶುಚಿಯಾಗಿರಲಿಲ್ಲ. ಆದರೆ ಏಕೆ? ಹೊಸದನ್ನು ತಂದಿಡಬೇಕೆಂದು ಯಾರಿಗೂ ತೋಚಲಿಲ್ಲ. ಇನ್ನೊಬ್ಬಾಕೆ, ತೋಚಿದ್ದರೂ ತರುವವರಾರು ಎನ್ನುತ್ತಾಳೆ, ಗಂಡ ಊರಲ್ಲಿರಲಿಲ್ಲ. ಆದರೆ ಏಕೆ? ಸಾಲ ತೀರಿಸಲು ಹೋಗಿದ್ದ. ಸಾಲ ಏಕೆ? ಕಳೆದ ವರ್ಷ ಮೂರನೆಯ ಮಗುವಿಗೆ ಕಾಯಿಲೆಯಾಗಿತ್ತು. ಮೂಲೆಯಲ್ಲಿದ್ದ ಮತ್ತೊಬ್ಬಳು ಬೇರೆ ದಾರಿ ಹಿಡಿಯುತ್ತಾಳೆ: ಹೊಳೆಗೆ ಸೇತುವೆ ಏಕಿಲ್ಲ?

ಈ ಸರಪಣಿಯಲ್ಲಿ ಅಜ್ಞಾನವೂ ಒಂದು ಕೊಂಡಿ. ಆದರೆ ಅದೊಂದೇ ಅಲ್ಲ. ಆರೋಗ್ಯ ಶಿಕ್ಷಣವೆಂಬ ಹೆಸರಿನಲ್ಲಿ ನಾವು ಸಾಮಾನ್ಯವಾಗಿ ಕಾಣುವುದೇನು? ಗೋಡೆಯ ಮೇಲಿನ ಬರಹ, ಧ್ವನಿವರ್ಧಕದ ಉಪದೇಶ, ಸಂಘದ ವಾರ್ಷಿಕೋತ್ಸವದ ದಿನ ತಜ್ಞರೊಬ್ಬರ ಉಪನ್ಯಾಸ, ವಂದನಾರ್ಪಣೆ, ಉಪಾಹಾರ. ಇವೆಲ್ಲದರ ಒಳಗೆ ಅಡಗಿರುವ ಭಾವನೆಯೆಂದರೆ, ಜನರಿಗೆ ತಿಳಿಯದು, ಆದುದರಿಂದ ಸಾಯುತ್ತಾರೆ ಎಂಬುದು. ಕೂಸನ್ನು ಕಳೆದುಕೊಂಡ ತಾಯಿಗೆ ಇಂತಹ ಉಪದೇಶವು ಗಾಯದ ಮೇಲಿನ ಉಪ್ಪು. ಕಥೆಯಾದರೋ ಬೇರೊಬ್ಬಳದು. ಅದರ ನೆರಳಿನಲ್ಲಿ ಕುಳಿತು ತನ್ನದನ್ನು ಹೇಳಿಕೊಳ್ಳಲು ಆಕೆಗೆ ನಾಚಿಕೆಯಿಲ್ಲ. ಒಬ್ಬಳು ಹೇಳಿದ ಮೇಲೆ ಮತ್ತೊಬ್ಬಳ ಬಾಯಿ ತೆರೆಯುತ್ತದೆ. ತನ್ನ ಹಣೆಬರಹವೆಂದು ಒಬ್ಬೊಬ್ಬಳೂ ಒಳಗೊಳಗೇ ನುಂಗಿಕೊಂಡಿದ್ದ ದುಃಖವು ಊರಿನ ದುಃಖವೆಂದು ತಿಳಿದಾಗ, ಊರೇ ಅದಕ್ಕೆ ಉತ್ತರ ಹುಡುಕಬೇಕೆಂಬ ಮಾತು ಹುಟ್ಟುತ್ತದೆ. ಸಂಘಟನೆಯೆಂಬುದು ಈ ಮಾತಿನ ನಂತರದ ಕೆಲಸ.

ಇಪ್ಪತ್ತು ಸಭೆಗಳ ನಡುವೆ ಇಡೀ ಊರನ್ನು ಕರೆದು ಒಂದು ದೊಡ್ಡ ಸಭೆ ನಡೆಸುವುದು ಪದ್ಧತಿ. ಗಂಡಸರು, ಹಿರಿಯರು, ಪಂಚಾಯತಿಯವರು ಎಲ್ಲರ ಮುಂದೆ ಹೆಂಗಸರು ತಮ್ಮ ಕಥೆಯನ್ನೂ ಉಪಾಯಗಳನ್ನೂ ಇಡುತ್ತಾರೆ. ಸೊಸೆಯೊಬ್ಬಳೇ ತಿಳಿದುಕೊಂಡರೆ ಮನೆಯಲ್ಲಿ ಏನೂ ನಡೆಯದು. ಅತ್ತೆಯೂ ಒಪ್ಪಬೇಕು, ಮಾವನೂ ಹಣ ಬಿಚ್ಚಬೇಕು. ಕೂಟಗಳು ಕಂಡುಕೊಂಡ ಉಪಾಯಗಳಲ್ಲಿ ಆಡಂಬರದ್ದು ಒಂದೂ ಇಲ್ಲ. ತುರ್ತು ಕಾಲಕ್ಕೆಂದು ಕೂಡಿಟ್ಟ ಸಾಮೂಹಿಕ ನಿಧಿ. ನೋವು ತಿನ್ನುವವಳನ್ನು ಹೊತ್ತೊಯ್ಯಲು ಒಂದು ಡೋಲಿ. ಸಾಬೂನು, ಹೊಸ ಬ್ಲೇಡು, ಶುಚಿಯಾದ ದಾರ, ಹಾಸಲು ಪ್ಲಾಸ್ಟಿಕ್ ಹಾಳೆ ಇವುಗಳ ಹೆರಿಗೆ ಪೊಟ್ಟಣ. ಸಭೆಗೆ ಬಾರದ ಬಸುರಿಯ ಮನೆಗೆ ಹೋಗಿ ಮಾತನಾಡಿಸುವುದು. ಕೂಸನ್ನು ಒಡನೆಯೇ ಒರೆಸಿ ಬಟ್ಟೆಯಲ್ಲಿ ಸುತ್ತಿ ತಾಯಿಯ ಮೈಗೆ ಒತ್ತಿ ಬೆಚ್ಚಗಿಡುವುದು, ಮೊದಲ ದಿನ ಸ್ನಾನ ಮಾಡಿಸದಿರುವುದು, ಮೊದಲ ಹಳದಿ ಹಾಲನ್ನು ಚೆಲ್ಲದೆ ಕುಡಿಸುವುದು, ಹೊಕ್ಕುಳಿಗೆ ಬೂದಿ-ಸಗಣಿ ಏನನ್ನೂ ಹಚ್ಚದಿರುವುದು ಇವು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದ ಮಾತುಗಳೇ. ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ಉಸಿರಾಟ ವೇಗವಾದರೆ, ಜೋಮು ಹಿಡಿದಂತೆ ಬಿದ್ದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದೂ ಹಾಗೆಯೇ. ಈ ಎಚ್ಚರ ಹಳ್ಳಿಗೆಷ್ಟೋ ನಗರದ ಮನೆಗೂ ಅಷ್ಟೇ.

ಲೆಕ್ಕ ಹೇಳಿದ್ದು

ಮೊದಲ ವರ್ಷ ಎರಡೂ ಭಾಗಗಳಲ್ಲಿ ನವಜಾತ ಶಿಶುಮರಣ ಹೆಚ್ಚುಕಡಿಮೆ ಒಂದೇ ಆಗಿತ್ತು: ಕೂಟಗಳಿದ್ದಲ್ಲಿ ಸಾವಿರಕ್ಕೆ 55.6, ಇಲ್ಲದಲ್ಲಿ 53.4. ಎರಡನೆಯ ವರ್ಷ ಅದು 37.1 ಮತ್ತು 59.6 ಆಯಿತು, ಮೂರನೆಯ ವರ್ಷ 36.3 ಮತ್ತು 64.3. ಕೊನೆಯ ಎರಡು ವರ್ಷಗಳನ್ನು ಸೇರಿಸಿ ನೋಡಿದರೆ ಇಳಿಕೆ ನೂರಕ್ಕೆ 45. ಫಲಿತಾಂಶವನ್ನು 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಆಸ್ಪತ್ರೆಗೆ ಹೋಗುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ಮನೆಯೊಳಗಿನ ಹೆರಿಗೆಯ ಶುಚಿತ್ವ ಮತ್ತು ಕೂಸಿನ ಆರೈಕೆ. ಮತ್ತೊಂದು ಫಲವನ್ನು ಇಲ್ಲಿ ಹೇಳಲೇಬೇಕು. ಮೂರನೆಯ ವರ್ಷ ಕೂಟಗಳಿದ್ದ ಹಳ್ಳಿಗಳ ತಾಯಂದಿರಲ್ಲಿ ಮಧ್ಯಮ ಮಟ್ಟದ ಮನೋಖಿನ್ನತೆಯು ನೂರಕ್ಕೆ 57ರಷ್ಟು ಕಡಿಮೆಯಿದ್ದಿತು. ಹೆತ್ತವಳ ಮನಸ್ಸಿಗಾಗಿ ಯಾರೂ ಬೇರೆ ಚಿಕಿತ್ಸೆಯನ್ನು ಯೋಜಿಸಿರಲಿಲ್ಲ.

ಸಮಾನತೆಯ ಪ್ರಶ್ನೆಯನ್ನು ಹಿಡಿದು ಇದೇ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೊನೆಯ ಎರಡು ವರ್ಷಗಳಲ್ಲಿ, ಎಲ್ಲರಿಗಿಂತ ಹಿಂದುಳಿದ ಮನೆಗಳಲ್ಲಿ ನವಜಾತ ಶಿಶುಮರಣವು ನೂರಕ್ಕೆ 59ರಷ್ಟು ಕಡಿಮೆಯಾಗಿತ್ತು; ಅವರಿಗಿಂತ ತುಸು ಮೇಲಿನವರಲ್ಲಿ 36ರಷ್ಟು. ಆರೋಗ್ಯದ ಯೋಜನೆಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ. ಹೊಸ ಸೌಲಭ್ಯ ಬಂದಾಗ ರಸ್ತೆ ಬದಿಯ ಮನೆಯವರು, ಓದು ಬಲ್ಲವರು, ಬಸ್ಸಿಗೆ ಹಣವುಳ್ಳವರು ಮೊದಲು ಅಲ್ಲಿಗೆ ತಲುಪುತ್ತಾರೆ. ಸರಾಸರಿ ಸುಧಾರಿಸುತ್ತದೆ, ಅಂತರ ಮಾತ್ರ ಬೆಳೆಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಕೂಟವು ಬಡವಳ ಕೇರಿಗೇ ಬಂದಿತು, ಅವಳ ಭಾಷೆಯಲ್ಲಿ ನಡೆಯಿತು, ಅವಳಿಂದ ಅಕ್ಷರವನ್ನೂ ಹಣವನ್ನೂ ಬೇಡಲಿಲ್ಲ. ಅಲ್ಲದೆ ಕೊಳೆ, ಚಳಿ, ನಂಜುಗಳಿಂದ ಅತಿ ಹೆಚ್ಚು ಕೂಸುಗಳನ್ನು ಕಳೆದುಕೊಳ್ಳುತ್ತಿದ್ದವಳು ಅವಳೇ. ಆದುದರಿಂದ ಸಾಬೂನು-ಬ್ಲೇಡುಗಳ ಬೆಲೆಯೂ ಅವಳ ಮನೆಯಲ್ಲಿಯೇ ಹೆಚ್ಚು.

ಕಥೆ ಸೋತ ಕಡೆ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಪ್ರಚಾರವಾದೀತು. ಬಾಂಗ್ಲಾದೇಶದಲ್ಲಿ ಇದೇ ಪದ್ಧತಿಯನ್ನು ಪ್ರಯೋಗಿಸಿದಾಗ, 2010ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕ: ಶಿಶುಮರಣ ಇಳಿಯಲಿಲ್ಲ. ಕಾರಣವನ್ನು ಹುಡುಕಿದವರಿಗೆ ಸರಳವಾದ ಒಂದು ಅಂಕಿ ಸಿಕ್ಕಿತು. ಜಾರ್ಖಂಡ-ಒಡಿಶಾಗಳಲ್ಲಿ 468 ಜನರಿಗೆ ಒಂದು ಕೂಟ. ಬಾಂಗ್ಲಾದೇಶದಲ್ಲಿ 1,414 ಜನರಿಗೆ ಒಂದು. ಅಷ್ಟು ದೂರದ ಕೂಟಕ್ಕೆ ಬಸುರಿ ಹೆಂಗಸು ಬರುವುದೆಂತು? ಏಕಜುಟ್‌ನ ಹಳ್ಳಿಗಳಲ್ಲಿ ಕೂಟಕ್ಕೆ ಬಂದ ಬಸುರಿಯರ ಪಾಲು ಮೊದಲ ವರ್ಷ ನೂರಕ್ಕೆ 18, ಮೂರನೆಯ ವರ್ಷ 55. ಬಾಂಗ್ಲಾದೇಶದಲ್ಲಿ ಕೂಟಗಳನ್ನು ಒತ್ತಾಗಿ ಏರ್ಪಡಿಸಿದ ಎರಡನೆಯ ಪ್ರಯೋಗದಲ್ಲಿ ಮರಣವು ನೂರಕ್ಕೆ 38ರಷ್ಟು ಇಳಿಯಿತೆಂದು 2013ರಲ್ಲಿ ತಿಳಿದುಬಂದಿತು. ಅದೇ ವರ್ಷ ನಾಲ್ಕು ದೇಶಗಳ ಏಳು ಪ್ರಯೋಗಗಳನ್ನು ಕೂಡಿಸಿ ನೋಡಿದ ಪರಿಶೀಲನೆಯೊಂದು, ಬಸುರಿಯರಲ್ಲಿ ಮೂರನೆಯ ಒಂದು ಪಾಲಿನಷ್ಟಾದರೂ ಕೂಟಕ್ಕೆ ಬಂದಲ್ಲಿ ಮಾತ್ರ ಒಳ್ಳೆಯ ಫಲ ಕಂಡುಬರುತ್ತದೆಂದು ಹೇಳಿತು.

ಎರಡನೆಯ ಸೋಲು ಮುಂಬಯಿಯದು. ಹೊರನಾಡಿನ ಕನ್ನಡಿಗರು ಅದನ್ನು ಗಮನವಿಟ್ಟು ನೋಡಬೇಕು. 2006ರಿಂದ 2009ರವರೆಗೆ ಆ ನಗರದ 48 ಕೊಳೆಗೇರಿಗಳಲ್ಲಿ ಪ್ರಯೋಗ ನಡೆಯಿತು. ಅರ್ಧದಲ್ಲಿ ಹೆಂಗಸರ ಕೂಟಗಳು ಸೇರಿದವು, ಮಾತನಾಡಿದವು. ಆದರೆ ಕೂಸುಗಳ ಸಾವಿನ ಪ್ರಮಾಣ ಇಳಿಯಲಿಲ್ಲ. ಕೊಳೆಗೇರಿಯ ಬಾಳನ್ನು ಬಲ್ಲವರಿಗೆ ಇದು ತೀರ ಆಶ್ಚರ್ಯವೆನಿಸದು. ಒಂದೇ ಓಣಿಯಲ್ಲಿ ಕಲಬುರ್ಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆ, ಅದರ ಪಕ್ಕಕ್ಕೆ ಉತ್ತರಪ್ರದೇಶದ ಮನೆ, ಎದುರಿಗೆ ತಮಿಳರದು. ಇಂದು ಇರುವ ಬಾಡಿಗೆಯ ಖೋಲಿ ನಾಳೆ ಇಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಸೊಸೆ ಅಲ್ಲಿಯ ಕೂಟವನ್ನೂ ಕಾಣಳು, ಇಲ್ಲಿಯದನ್ನೂ ಪೂರೈಸಳು. ಅದಕ್ಕೂ ಮಿಗಿಲಾಗಿ, ನಗರದಲ್ಲಿ ಹೆಚ್ಚಿನ ಹೆರಿಗೆಗಳು ಆಗಲೇ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಮನೆಯ ಮಣ್ಣಿನ ನೆಲದ ಮೇಲಿನ ತಪ್ಪನ್ನು ಮನೆಯ ಹೆಂಗಸರು ತಿದ್ದಿಕೊಳ್ಳಬಲ್ಲರು. ಕಿಕ್ಕಿರಿದ ವಾರ್ಡಿನಲ್ಲಿ ಒಬ್ಬ ದಾದಿಗೆ ಎಷ್ಟು ಹಾಸಿಗೆ ಎಂಬುದು ಅವರ ಕೈಯಲ್ಲಿಲ್ಲ. ಅಲ್ಲಿ “ಆದರೆ ಏಕೆ?” ಎಂಬ ಪ್ರಶ್ನೆಯನ್ನು ಕೇಳಬೇಕಾದುದು ನಗರಸಭೆಯ ಬಾಗಿಲಲ್ಲಿ, ಅದಕ್ಕೆ ಬೇಕಾದ ಸಂಘಟನೆಯೇ ಬೇರೆ.

ಹಳ್ಳಿಗಳ ಮಟ್ಟಿಗೆ ಈ ಕೆಲಸ ಮುಂದುವರಿದಿದೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆಂಗಸರ ಕೂಟಗಳ ಈ ಪದ್ಧತಿಯನ್ನು, ವಿಶೇಷವಾಗಿ ವೈದ್ಯಕೀಯ ಸೌಕರ್ಯ ಕಡಿಮೆಯಿರುವ ಗ್ರಾಮಾಂತರಕ್ಕೆ, ಶಿಫಾರಸು ಮಾಡಿತು. ಖಾಸಗಿ ಸಂಸ್ಥೆಯ ಕಾರ್ಯಕರ್ತೆಯರು ಮಾಡಿದುದನ್ನು ಸರಕಾರದ ಆಶಾ ಕಾರ್ಯಕರ್ತೆಯರು ಮಾಡಬಲ್ಲರೇ ಎಂಬ ಪ್ರಶ್ನೆ ಉಳಿದಿತ್ತು. ಜಾರ್ಖಂಡ-ಒಡಿಶಾಗಳ ಐದು ಜಿಲ್ಲೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಇಳಿಕೆ ನೂರಕ್ಕೆ 31 ಎಂದು 2016ರಲ್ಲಿ ಪ್ರಕಟವಾಯಿತು. ಬಳಿಕ ಜಾರ್ಖಂಡ ಸರಕಾರವು ಅದನ್ನು ರಾಜ್ಯದಲ್ಲಿ ವ್ಯಾಪಕವಾಗಿ ಕೈಗೊಂಡಿತು. ಆ ದೊಡ್ಡ ಪ್ರಮಾಣದಲ್ಲಿ ಇಳಿಕೆ ನೂರಕ್ಕೆ 24ರಷ್ಟೆಂದು 2021ರ ವರದಿ. ಕೈಯಿಂದ ಕೈಗೆ ಹೋಗುವಾಗ ಫಲವು ಸ್ವಲ್ಪ ಸ್ವಲ್ಪವೇ ಕುಗ್ಗಿರುವುದು ಈ ಅಂಕಿಗಳಲ್ಲಿ ಕಾಣುತ್ತದೆ. ಕಥೆಯನ್ನು ಇಲಾಖೆಯ ಸುತ್ತೋಲೆಯನ್ನಾಗಿ ಮಾಡಿ, ತಿಂಗಳ ವರದಿಯಲ್ಲಿ ತುಂಬಬೇಕಾದ ಒಂದು ಅಂಕಣವನ್ನಾಗಿ ಮಾಡಿದರೆ ಅದು ಇನ್ನೂ ಕುಗ್ಗುವುದು ಖಂಡಿತ.

ಜಾರ್ಖಂಡದಲ್ಲಿ ಆಶಾ ಕಾರ್ಯಕರ್ತೆಗೆ ‘ಸಹಿಯಾ’ ಎಂದು ಹೆಸರು. ಗೆಳತಿ ಎಂಬ ಅರ್ಥದ ಮಾತು. ಲಸಿಕೆ, ಗರ್ಭಿಣಿಯರ ಪಟ್ಟಿ, ಆಸ್ಪತ್ರೆಗೆ ಜೊತೆ ಹೋಗುವುದು, ಮನೆಮನೆ ಸಮೀಕ್ಷೆ ಇವೆಲ್ಲದರ ನಡುವೆ ಆಕೆ ಕೂಟವನ್ನೂ ನಡೆಸಬೇಕು. ಆಕೆಗೆ ದೊರೆಯುವುದು ಸಂಬಳವಲ್ಲ, ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ. ಚಿತ್ರದ ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಕೇರಿಗೆ ಹೋಗುವ ಈ ಗೆಳತಿಯ ದುಡಿಮೆಗೆ ಇಷ್ಟೇ ಬೆಲೆ ಏಕೆ ಎಂಬ ಪ್ರಶ್ನೆಯೂ ಆ ಕೂಟಗಳಲ್ಲಿ ಕೇಳಬಹುದಾದ ಪ್ರಶ್ನೆಯೇ.